ಚಮಚ, ತಗಡು, ಗಾಳ: ಕೋಡಿಯ ಕಡಲು, ಮಂಡ್ಯದ ಕೆರೆ

ಅಕ್ಟೋಬರ್‌ನಲ್ಲಿ ಶುರು ಮಾಡಿದ ಕೆಲಸ ಇದು. ಮನೆಯಲ್ಲೇ ಮಾಡಿದ ಸ್ಪೂನ್ ಲ್ಯೂರಿನಲ್ಲಿ, ಅಂದರೆ ಮೀನನ್ನು ಮರುಳು ಮಾಡಲು ಕೊಕ್ಕೆ ಸಿಕ್ಕಿಸಿದ ಚಮಚದಾಕಾರದ ತಗಡಿನಲ್ಲಿ, ಕಡಲಲ್ಲೊಂದು, ಸಿಹಿನೀರಲ್ಲೊಂದು ಮೀನು ಹಿಡಿಯಬೇಕು. ಗುರಿ ಅಷ್ಟೇ. ಫೆಬ್ರವರಿ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಗೀಚಿಕೊಂಡದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣ ಕೋಡಿಯ ಕಲ್ಲುಗಳು. ಕುಂದಾಪುರದ ಪಂಚಗಂಗಾವಳಿ ಕಡಲು ಸೇರುವ ಅಳಿವೆಯಲ್ಲಿ, ಈಚೆ ಕೋಡಿ, ಆಚೆ ಗಂಗೊಳ್ಳಿ, ಎರಡೂ ಕಡೆ ಅಲೆ ತಡೆಯುವ ಕಲ್ಲಿನ ದಂಡೆ, ಅಂದರೆ ಬ್ರೇಕ್‌ವಾಟರ್ ಇದೆ. ಅಂಗಡಿಯಿಂದ ತಂದ, ಲೋಹದ ಭಾರದ ಲ್ಯೂರುಗಳಾದ 28 ಗ್ರಾಂ ಜಿಗ್‌ಗಳಲ್ಲಿ ಮೂರನ್ನು ಎರಡೇ ಬೆಳಗ್ಗೆಯಲ್ಲಿ ಆ ಕಲ್ಲುಗಳ ಸಂದಿಗೆ ಕೊಟ್ಟು ಬಂದೆ. ಒಂದೊಂದಕ್ಕೆ ಇನ್ನೂರೈವತ್ತು ರೂಪಾಯಿ. ಹೆಂಡತಿಗೆ ಎರಡು ಅಂತ ಹೇಳಿದ್ದೇನೆ.

ಮೊದಲು ಕೈ ಹಾಕಿದ್ದು ಅಡುಗೆಮನೆಯ ಸ್ಟೀಲ್ ಚಮಚಕ್ಕೆ. ಸ್ಪೂನ್ ಲ್ಯೂರಿಗೆ ಅಮೆರಿಕದ ಜೂಲಿಯೊ ಬ್ಯುಯೆಲ್ ಪೇಟೆಂಟ್ ಪಡೆದದ್ದು 1852ರಲ್ಲಿ. ಊಟದ ಚಮಚ ಕೈಜಾರಿ ಕೆರೆಗೆ ಬಿದ್ದಾಗ ಮೀನು ಬಂದು ಕಚ್ಚಿತು, ಅಲ್ಲಿಂದ ಹೊಳೆಯಿತು ಅಂತ ಕಥೆ. ಅವನ ಚಮಚ ಯಾವ ಲೋಹದ್ದೋ, ನಮ್ಮದು ಸ್ಟೇನ್‌ಲೆಸ್. ಹಿಡಿ ಕತ್ತರಿಸುವುದು ಸುಲಭ, ತೂತು ಕೊರೆಯುವುದು ಕಷ್ಟ. ಡ್ರಿಲ್ ಜೋರಾಗಿ ಓಡಿಸಿದರೆ ಬಿಟ್ ಉಜ್ಜಿ ಬಿಸಿಯಾಗುತ್ತದೆ, ತೂತಿನ ಜಾಗ ಇನ್ನೂ ಗಟ್ಟಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಒಳಗೆ ಹೋಗುವುದಿಲ್ಲ. ಎರಡು ಬಿಟ್ ಹಾಳಾದ ಮೇಲೆ ಬುದ್ಧಿ ಬಂತು. ನಿಧಾನ ಓಟ, ಜಾಸ್ತಿ ಒತ್ತು, ಒಂದು ಹನಿ ತೆಂಗಿನೆಣ್ಣೆ.

ಹಿಡಿ ಹೋದ ಮೇಲೆ ಚಮಚ 14 ಗ್ರಾಂ ತೂಗಿತು. ಕೋಡಿಯಲ್ಲಿ ಮೊದಲ ಸಲ ಎಸೆದಾಗ ಪಕ್ಕದಲ್ಲಿ ಸಿಗಡಿ ಸಿಕ್ಕಿಸಿ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ಎಂತ ಮಾರಾಯ್ರೆ, ಮೀನಿಗೆ ಊಟ ಬಡ್ಸುಕೆ ಬಂದದ್ದಾ?" ಉತ್ತರ ಕೊಡುವಂತಿರಲಿಲ್ಲ. ಚಮಚ ಗಾಳಿಯಲ್ಲಿ ತರಗೆಲೆ ಹಾಗೆ ತೇಲಿ ಇಪ್ಪತ್ತೈದು ಮೀಟರಿಗೇ ಬಿತ್ತು.

ನವೆಂಬರ್. ಸ್ಟೀಲ್ ಬಿಟ್ಟು ಹಿತ್ತಾಳೆ ಹಿಡಿದೆ. ಪಾತ್ರೆ ಅಂಗಡಿಯಲ್ಲಿ ಉಳಿದ ತಗಡಿನ ತುಂಡು ಸಿಕ್ಕಿತು, ಒಂದೂವರೆ ಮಿಲಿಮೀಟರ್ ದಪ್ಪದ್ದು ಸ್ವಲ್ಪ, ಎರಡು ಮಿಲಿಮೀಟರಿನದು ಸ್ವಲ್ಪ. ಹಿತ್ತಾಳೆ ಒಳ್ಳೆಯ ಲೋಹ, ಹೇಳಿದ ಮಾತು ಕೇಳುತ್ತದೆ. ಗ್ಯಾಸ್ ಉರಿಯಲ್ಲಿ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಹಲಸಿನ ಮರದ ತುಂಡಿನಲ್ಲಿ ಕುಳಿ ಮಾಡಿಕೊಂಡು, ಅದರ ಮೇಲೆ ತಗಡಿಟ್ಟು ಮರದ ಸುತ್ತಿಗೆಯಲ್ಲಿ ಬಡಿದೆ. ತೆಳು ತಗಡಿನದು ಏಳು ಸೆಂಟಿಮೀಟರ್ ಉದ್ದ, 16 ಗ್ರಾಂ. ದಪ್ಪದ್ದು ಎಂಟು ಸೆಂಟಿಮೀಟರ್, 26 ಗ್ರಾಂ. ತೆಳುವಾದದ್ದು ನೀರಲ್ಲಿ ಸೊಂಟ ಕುಣಿಸುತ್ತಾ ನಿಧಾನ ಇಳಿಯುತ್ತದೆ. ದಪ್ಪದ್ದು ಕಡಿಮೆ ಕುಣಿಯುತ್ತದೆ, ಆದರೆ ದೂರ ಹೋಗುತ್ತದೆ. ಇವೆರಡರ ಮಧ್ಯದ ಜಗಳವೇ ಸ್ಪೂನ್ ಮಾಡುವ ಕೆಲಸ ಅಂತ ಈಗ ಅನಿಸುತ್ತಿದೆ.

ದೂರದ ಸಮಸ್ಯೆಗೆ ಅರ್ಧ ಪರಿಹಾರ ಗಾಳಿಯೇ ಕೊಟ್ಟಿತು. ಚಳಿಗಾಲದ ಬೆಳಗ್ಗೆ ನಮ್ಮ ಕರಾವಳಿಯಲ್ಲಿ ಗಾಳಿ ಮೂಡಲಿಂದ ಕಡಲಿಗೆ ಬೀಸುತ್ತದೆ. ಬಿಸಿಲು ಏರಿದ ಮೇಲೆ ತಿರುಗಿ ಮುಖಕ್ಕೆ ಹೊಡೆಯುತ್ತದೆ. ಒಂಬತ್ತರೊಳಗೆ ಎಸೆದರೆ ಅದೇ 26 ಗ್ರಾಂ ಸುಮಾರು ಹದಿನೈದು ಮೀಟರ್ ಜಾಸ್ತಿ ಹೋಗುತ್ತದೆ.

ನವೆಂಬರ್ ಮೂರನೇ ವಾರ, ಇಳಿತದ ಹೊತ್ತು. ನದಿಯ ಕಂದು ನೀರು ಹೊರಗೆ ಹೋಗಿ ಕಡಲಿನ ಹಸಿರಿಗೆ ತಾಗುವ ಕಡೆ ಒಂದು ಗೆರೆ ಕಾಣುತ್ತದಲ್ವಾ, ಅದರ ಆಚೆಗೆ ಎಸೆದು ಈಚೆಗೆ ಎಳೆಯುತ್ತಿದ್ದೆ. ಹತ್ತಾರು ಎಸೆತ ಖಾಲಿ. ನಡುವೆ ರೀಲಿನಲ್ಲಿ ದಾರ ಸಡಿಲ ಸುತ್ತಿಕೊಂಡಿತು. ಬಿಡಿಸಲು ನಿಲ್ಲಿಸಿದೆ. ಸ್ಪೂನ್ ತಾನಾಗಿ ಕೆಳಗೆ ಬೀಳುತ್ತಿತ್ತು. ಆಗಲೇ ಟಕ್ ಅಂತ ಹಿಡಿದದ್ದು! ಬರಾಕುಡ, ಮೊಳದುದ್ದವೂ ಇಲ್ಲ. ಆದರೂ ನನ್ನ ಸುತ್ತಿಗೆಯಿಂದ ಬಂದ ಮೊದಲ ಮೀನು. ಮುಂದಿನ ಎಸೆತಕ್ಕೆ ಅದರ ಅಣ್ಣನೋ ಯಾರೋ ಮೂವತ್ತು ಪೌಂಡ್ ಲೀಡರನ್ನು, ಅಂದರೆ ಲ್ಯೂರಿನ ಮುಂದೆ ಕಟ್ಟುವ ಗಟ್ಟಿ ದಾರವನ್ನು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸಿ ಸ್ಪೂನ್ ಸಮೇತ ಹೋದ. ಆ ಹಲ್ಲಿಗೆ ತಂಗೂಸು ಸಾಲದು, ಒಂದು ಗೇಣು ಸ್ಟೀಲ್ ವಯರ್ ಬೇಕು.

ಅಲ್ಲಿಂದ ಪ್ರತಿ ಕಚ್ಚನ್ನೂ ಬರೆದಿಡಲು ಶುರು ಮಾಡಿದೆ. ಎಳೆಯುವಾಗ ಕಚ್ಚಿತೋ, ಬೀಳುವಾಗಲೋ. ಕಡಲಲ್ಲಿ ಒಟ್ಟು ಹದಿನಾಲ್ಕು ಕಚ್ಚು, ಅದರಲ್ಲಿ ಒಂಬತ್ತು ಬೀಳುವಾಗ. ಅದುವರೆಗೆ ನಾನು ಮಾಡುತ್ತಿದ್ದದ್ದು ಬರೀ ಎಳೆತ. ಈಗ ಐದಾರು ಸುತ್ತು ಎಳೆದು, ರಾಡ್ ತುದಿ ತಗ್ಗಿಸಿ, ಮೂರು ಎಣಿಸುವಷ್ಟು ಬಿಡುತ್ತೇನೆ. ದಾರ ಪೂರ್ತಿ ಸಡಿಲ ಬಿಟ್ಟರೆ ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಗಿ ಹಿಡಿದರೆ ಸ್ಪೂನ್ ಕುಣಿಯುವುದಿಲ್ಲ. ನಡುವಿನ ಹದ ಕೈಗೇ ಬರಬೇಕು. ನನಗೆ ಅರ್ಧ ಬಂದಿದೆ.

ಒಂದು ಪೆದ್ದು ಕೆಲಸವನ್ನೂ ಬರೆಯಬೇಕು. ಒಂದು ಸಂಜೆ ಸುಸ್ತಾಗಿ ಬಂದು ಒದ್ದೆ ಲ್ಯೂರುಗಳನ್ನು ತೊಳೆಯದೆ ಡಬ್ಬಿಗೆ ಹಾಕಿ ಮುಚ್ಚಿದೆ. ನಾಲ್ಕು ದಿನ ಬಿಟ್ಟು ತೆರೆದರೆ ಕೊಕ್ಕೆಗಳ ಮೇಲೆಲ್ಲ ತುಕ್ಕು, ಹಿತ್ತಾಳೆ ಮೇಲೆ ಹಸಿರು ಕಿಲುಬು. ಒಣಗಿದ್ದ ಹೊಸ ಕೊಕ್ಕೆಗಳೂ ಜೊತೆಗೇ ಹೋದವು. ಈಗ ಸ್ನಾನಕ್ಕೆ ಮುಂಚೆ ಅವುಗಳ ಸ್ನಾನ.

ಡಿಸೆಂಬರ್ ಕೊನೆ. ಮಂಡ್ಯದ ಹತ್ತಿರ ಮಾವನ ಊರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಬರುವ ಕೆರೆ, ಅಂಚಿನಲ್ಲಿ ಜೊಂಡು, ತಾವರೆ ಎಲೆ. ಇಲ್ಲಿ ಬೇಕಿದ್ದದ್ದು ಕೊರವ ಮೀನು. ಕೆರೆ ಗುತ್ತಿಗೆಗೆ ಹೋಗಿದೆ, ಹಾಗಾಗಿ ಗುತ್ತಿಗೆದಾರರನ್ನು ಕೇಳಿದೆ. ಸ್ಪೂನ್ ತಿರುಗಿಸಿ ನೋಡಿ, "ತಗಡಲ್ಲಿ ಸಿಕ್ರೆ ನಿಮ್ದೇ ತಗೊಳ್ಳಿ" ಅಂತ ನಕ್ಕರು. ಮಾವ ಇನ್ನೂ ನೇರ: "ಅಳಿಯಂದ್ರೆ, ಸುಮ್ನೆ ಎರೆಹುಳ ಹಾಕ್ಬಿಡಿ."

ಮೊದಲ ದಿನ ಪೂರ್ತಿ ಜೊಂಡು ಹಿಡಿದೆ. ಮೂರು ಮುಳ್ಳಿನ ಟ್ರೆಬಲ್ ಕೊಕ್ಕೆ ಕೆರೆಗೆ ಆಗುವುದಿಲ್ಲ. ರಾತ್ರಿ ಕೂತು ಒಂಟಿ ಕೊಕ್ಕೆ ಹಾಕಿ, ಸೈಕಲ್ ಬ್ರೇಕ್ ವಯರಿನ ಒಂದೆಳೆಯನ್ನು ಅದರ ಮುಂದೆ ಕಾವಲಿಗೆ ಬಾಗಿಸಿ, ದಾರ ಸುತ್ತಿ ಅಂಟಿಸಿದೆ. ಎಲೆ ತಾಗಿದರೆ ವಯರ್ ತಳ್ಳುತ್ತದೆ, ಮೀನು ಕಚ್ಚಿದರೆ ಬಗ್ಗುತ್ತದೆ. ಈ ಐದು ತಿಂಗಳಲ್ಲಿ ನಾನು ಮಾಡಿದ್ದರಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ.

ಕೊರವ ಗಾಳಿ ಕುಡಿಯಲು ಮೇಲೆ ಬರುವ ಮೀನು. ನೀರ ಮೇಲೆ ಗುಳುಕ್ ಅಂತ ಒಂದು ಗುಳ್ಳೆ ಒಡೆದರೆ ಅಲ್ಲಿ ಇದೆ ಅಂತ ಅರ್ಥ. ಆ ಜಾಗದಿಂದ ಎರಡು ಮಾರು ಆಚೆ ಎಸೆದು, 16 ಗ್ರಾಮಿನದನ್ನು ಕಡಲಿನ ಅರ್ಧ ವೇಗದಲ್ಲಿ ತಂದೆ. ತಾವರೆ ಅಂಚಿಗೆ ಬಂದಾಗ ನಿಲ್ಲಿಸಿ ಬಿಟ್ಟೆ. ಇಲ್ಲೂ ಬೀಳುವಾಗಲೇ ಹಿಡಿಯಿತು. ಮುಕ್ಕಾಲು ಕಿಲೋ. ಮಾವ ತೂಗಿ ನೋಡಿ ಏನೂ ಹೇಳಲಿಲ್ಲ, ಮೀನು ಕತ್ತರಿಸಲು ಬೂದಿ ತಂದುಕೊಟ್ಟರು. ಇನ್ನೊಂದು ಕಡೆ ಕೆಂಪು ಮರಿಗಳ ದಂಡು ಮೇಲೆ ತೇಲುತ್ತಿತ್ತು. ಅದರ ಕೆಳಗೆ ಅಪ್ಪ ಅಮ್ಮ ಕಾವಲಿಗೆ ಇರುತ್ತವೆ, ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತವೆ. ಅಲ್ಲಿ ಎಸೆಯಲಿಲ್ಲ. ದೊಡ್ಡದನ್ನು ಎತ್ತಿದರೆ ಆ ಮರಿಗಳು ಬೇರೆ ಮೀನಿನ ಪಾಲು.

ಜನವರಿಯಲ್ಲಿ ಹೊಳಪಿನ ಪರೀಕ್ಷೆ. ಎರಡು 26 ಗ್ರಾಂ ಸ್ಪೂನ್, ಒಂದೇ ಅಚ್ಚು. ಒಂದನ್ನು ಹುಣಸೆಹುಳಿಯಲ್ಲಿ ದೇವರ ದೀಪದ ಹಾಗೆ ಬೆಳಗಿದೆ. ಇನ್ನೊಂದನ್ನು ಕಪ್ಪಗೇ ಬಿಟ್ಟೆ. ನಾಲ್ಕು ಬೆಳಗ್ಗೆ, ಹತ್ತು ಎಸೆತಕ್ಕೊಮ್ಮೆ ಬದಲಿಸಿದೆ. ಹೊಳೆಯುವುದಕ್ಕೆ ಎರಡು ಕಚ್ಚು, ಕಪ್ಪಿಗೆ ಮೂರು. ಆ ಮೂರರಲ್ಲಿ ಒಂದು 1.8 ಕಿಲೋದ ಕುರುಡೆ, ಪೇಟೆಯವರ ಸೀಬಾಸ್. ಐದು ಕಚ್ಚಿನಿಂದ ಯಾವ ತೀರ್ಮಾನವೂ ಆಗುವುದಿಲ್ಲ, ಗೊತ್ತು. ಆದರೆ ಬೆಳಗುವ ಕೆಲಸ ಬಿಟ್ಟಿದ್ದೇನೆ.

ಫೆಬ್ರವರಿಯಲ್ಲಿ ಎರಡೇ ಸಲ ಹೋದೆ, ಎರಡೂ ಖಾಲಿ. ಒಂದು ಸಲ ಪಾಚಿಯ ಮೇಲೆ ಕಾಲು ಜಾರಿ ಮೊಣಕಾಲು ಕೆತ್ತಿತು. ಹವಾಯಿ ಚಪ್ಪಲಿ ಹಾಕಿಕೊಂಡು ಆ ಕಲ್ಲಿಗೆ ಇನ್ನು ಇಳಿಯುವುದಿಲ್ಲ.

ಈಗ ಮೇಜಿನ ಮೇಲೆ ಕೊನೆಯ ತಗಡಿನ ಮೂರು ತುಂಡು ಇವೆ. ಒಂದರ ಬಾಲದ ಕಡೆ ಭಾರ ಜಾಸ್ತಿ ಉಳಿಸಿದ್ದೇನೆ, ಬೀಳುವಾಗ ಹೇಗೆ ಹೊರಳುತ್ತದೆ ನೋಡಬೇಕು. ಬಚ್ಚಲಿನ ಬಕೆಟ್ಟಿನಲ್ಲಿ ಬಿಟ್ಟು ನೋಡಿದಾಗ ಒಂದೇ ಕಡೆ ಸುರುಳಿ ಸುತ್ತಿತು. ದಾರಕ್ಕೂ ಲ್ಯೂರಿಗೂ ನಡುವೆ ತಿರುಗುವ ಕೊಂಡಿ, ಸ್ವಿವೆಲ್, ಇಲ್ಲದಿದ್ದರೆ ದಾರವೆಲ್ಲ ತಿರುಚಿಕೊಳ್ಳುತ್ತದೆ. ನಾಳೆ ಎಡಗಡೆ ಅಂಚನ್ನು ಇನ್ನೊಂದಿಷ್ಟು ಅರ ಹಾಕಿ ಮತ್ತೆ ಬಕೆಟ್ಟಿಗೆ.