ಹಾರೋಕೆ ಮೊದಲು ನೆಲದ ಪಾಠ

ನಮ್ಮ ಕುವೆಂಪುನಗರದ ಇಬ್ಬರು ಹುಡುಗರು ಪ್ಯಾರಾಗ್ಲೈಡಿಂಗ್ (ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಬೆಟ್ಟದಿಂದ ಹಾರೋದು) ಕಲಿಯೋಕೆ ಮಹಾರಾಷ್ಟ್ರದ ಕಾಮ್‌ಶೇಟ್‌ಗೆ ಹೊರಟಿದ್ದಾರೆ. ತುಂಬಾ ಖುಷಿ ಆಯ್ತು. ಅವರಮ್ಮಂದಿರಿಗೆ ಮಾತ್ರ ಭಯ. ಅದೂ ಸಹಜ ಅಲ್ವಾ?

ಹುಡುಗರಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ನೆಲದ ಮೇಲಿನ ಅಭ್ಯಾಸಕ್ಕೆ ಬೇಜಾರು ಮಾಡ್ಕೋಬೇಡಿ. ಬಯಲಲ್ಲಿ ನಿಂತು ಗ್ಲೈಡರನ್ನು, ಅಂದ್ರೆ ಆ ಬಟ್ಟೆಯ ರೆಕ್ಕೆಯನ್ನು, ತಲೆ ಮೇಲೆ ಎತ್ತಿ, ಅಲುಗದ ಹಾಗೆ ಹಿಡಿದು, ಇಳಿಸಿ, ಮತ್ತೆ ಎತ್ತಬೇಕು. ಕೈಗೆ ಗಾಳಿಯ ಗುರುತು ಸಿಗೋದೇ ಅಲ್ಲಿ.

ಇನ್ನೊಂದು, ಹಾರ್ನೆಸ್‌ನ, ಅಂದ್ರೆ ಮೈಗೆ ಕಟ್ಟಿಕೊಂಡು ಕೂರುವ ಪಟ್ಟಿಗಳ ಸೀಟಿನ, ಕಾಲಿನ ಬೆಲ್ಟ್. ಅದನ್ನು ಹಾಕೋಕೆ ಮರೆತು, ಹಾರೋಕೆ ಅಂತ ಓಡಿಬಿಟ್ಟರೆ ನೆಲ ಬಿಟ್ಟ ಕೂಡಲೇ ಮೈ ಕೆಳಗೆ ಜಾರುತ್ತದೆ. ಅನುಭವ ಇರೋರೂ ಮರೆತು ಪ್ರಾಣ ಕಳ್ಕೊಂಡಿದ್ದಾರೆ. ಬಕಲ್ ಕಣ್ಣಲ್ಲಿ ನೋಡಿದರೆ ಸಾಲದು, ಕೈಯಿಂದ ಎಳೆದು ನೋಡಬೇಕು. ಪ್ರತಿ ಸಲವೂ.

ಗಾಳಿ ಬೆಟ್ಟಕ್ಕೆ ಎದುರಾಗಿ ಬರುವ ಕಡೆಯಿಂದಲೇ ಹಾರಬೇಕು. ಬೆಟ್ಟದ ಹಿಂಬದಿಯಲ್ಲಿ ಗಾಳಿ ಕಾವೇರಿಯ ಬಂಡೆ ಹಿಂದಿನ ನೀರಿನಂತೆ ಸುಳಿ ತಿರುಗುತ್ತದೆ. ಬಿಸಿಲೇರಿದ ಮಧ್ಯಾಹ್ನ ಬಿಸಿಗಾಳಿ ಜೋರಾಗಿ ಮೇಲೇಳುತ್ತದೆ. ಗ್ಲೈಡರಿನ ಒಂದು ಮಗ್ಗುಲು ಮಡಚಿಕೊಳ್ಳಬಹುದು. ಅದಕ್ಕೇ ಹೊಸಬರಿಗೆ ಬೆಳಗ್ಗೆ, ಸಂಜೆ ಹೊತ್ತು ಒಳ್ಳೇದು. ಗುರುಗಳು ಇವತ್ತು ಬೇಡ ಅಂದ್ರೆ ಬೇಡ. ದುಡ್ಡು ಕಟ್ಟಿದ್ದೀವಿ, ರಜೆ ಮುಗೀತಿದೆ ಅಂತ ಹಟ ಮಾಡಬಾರದು. ನನಗೆ ಜಾಸ್ತಿ ಹೆದರಿಕೆ ಇರೋದು ಈ ಅವಸರದ ಬಗ್ಗೇನೇ.

ಹೆಲ್ಮೆಟ್ ಅಲ್ಲೇ ಕೊಡ್ತಾರಂತೆ. ಕಣಕಾಲು ಮುಚ್ಚುವ ಗಟ್ಟಿ ಬೂಟು ಒಬ್ಬನಿಗೆ ಇನ್ನೂ ಸಿಕ್ಕಿಲ್ಲ. ಒಂಬತ್ತನೇ ನಂಬರ್. ಮೈಸೂರಲ್ಲಿ ಯಾರ ಹತ್ರ ಆದ್ರೂ ಇದ್ರೆ ದಯವಿಟ್ಟು ಹೇಳಿ.