ನಾರ್ದರ್ನ್ ಲೈಟ್ಸ್‌ಗಾಗಿ ಹಡಗು ಹತ್ತುವವರು ಮೊದಲು ರಾತ್ರಿಗಳನ್ನು ಎಣಿಸಿ

"ಮೇಡಂ, ಹಡಗಲ್ಲಿ ಆರು ರಾತ್ರಿ. ಅಂದ್ರೆ ಆರು ಚಾನ್ಸ್. ಒಂದಿನ ಆದ್ರೂ ಕಂಡೇ ಕಾಣತ್ತೆ." ನಮ್ಮ ಏಜೆಂಟ್ ಬೆಂಗಳೂರಿನ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದ ಮಾತಿದು. ಕಾಣುವುದು ಅಂದರೆ ನಾರ್ದರ್ನ್ ಲೈಟ್ಸ್, ಸೂರ್ಯನಿಂದ ಬರುವ ಕಣಗಳಿಂದಾಗಿ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು. ನಾನು ನಂಬಿದೆ. ಅಮ್ಮನೂ ನಂಬಿದಳು. ನಿಜವಾಗಿ ನಮಗೆ ಸಿಕ್ಕಿದ್ದು ಮೂರೇ ರಾತ್ರಿ. ಇದು ಹಡಗು ಹತ್ತಿ ಎರಡು ದಿನ ಆದ ಮೇಲೆ ಗೊತ್ತಾಯಿತು. ನೀವು ದುಡ್ಡು ಕಟ್ಟುವ ಮುಂಚೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಾವು ಹೋಗಿದ್ದು ನಾರ್ವೆಯ ಕರಾವಳಿ ಹಡಗಿನಲ್ಲಿ, 2025ರ ಫೆಬ್ರವರಿ ಕೊನೆಯಲ್ಲಿ. ನಾನು ಮತ್ತು ಅಮ್ಮ ಇಬ್ಬರೇ. ಇದು ಈಜುಕೊಳ, ಕ್ಯಾಸಿನೊ ಇರುವ ಕ್ರೂಸ್ ಅಲ್ಲ. ಊರಿಂದ ಊರಿಗೆ ಸಾಮಾನು, ಜನ ಎರಡನ್ನೂ ಹೊತ್ತು ಸಾಗುವ ಹಡಗು, ಒಂದು ರೀತಿ ಸಮುದ್ರದ ಮೇಲಿನ ಬಸ್ಸು. ದಕ್ಷಿಣದ ಬರ್ಗನ್‌ನಿಂದ ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೆ ಹೋಗಿ ವಾಪಸ್ ಬರಲು 12 ದಿನ. ದಾರಿಯಲ್ಲಿ 34 ಬಂದರುಗಳು. ಕೆಲವು ಕಡೆ ಹತ್ತೇ ನಿಮಿಷ ನಿಲ್ಲುತ್ತದೆ, ಅದೂ ನಡುರಾತ್ರಿಯಲ್ಲಿ. ನಾವು ತೆಗೆದುಕೊಂಡಿದ್ದು ಹೋಗುವ ದಾರಿ ಮಾತ್ರ, ಏಳು ದಿನ ಆರು ರಾತ್ರಿ.

ಈಗ ಲೆಕ್ಕ ನೋಡಿ. ಹಡಗು ಬರ್ಗನ್‌ನಿಂದ ಹೊರಡುವುದು ರಾತ್ರಿ ಎಂಟೂವರೆಗೆ. ಆರ್ಕ್ಟಿಕ್ ವೃತ್ತ ಅಂದರೆ ಭೂಗೋಳದ ಉತ್ತರ ತುದಿಯ ಸುತ್ತ ಎಳೆದ ಕಾಲ್ಪನಿಕ ಗೆರೆ, ಬೆಳಕು ಹೆಚ್ಚಾಗಿ ಕಾಣುವುದು ಅದರ ಉತ್ತರಕ್ಕೆ. ಅದನ್ನು ದಾಟುವುದು ನಾಲ್ಕನೇ ದಿನ ಬೆಳಿಗ್ಗೆ. ಅಂದರೆ ಮೊದಲ ಮೂರು ರಾತ್ರಿ ನೀವು ಇನ್ನೂ ದಕ್ಷಿಣದಲ್ಲೇ ಇರುತ್ತೀರಿ. ಅಲ್ಲಿ ಕಾಣುವುದೇ ಇಲ್ಲ ಅಂತಲ್ಲ, ಸೂರ್ಯನಲ್ಲಿ ದೊಡ್ಡ ಸ್ಫೋಟ ಆಗಿದ್ದರೆ ಕಾಣಬಹುದು. ಆದರೆ ಅದನ್ನು ನಂಬಿ ಲಕ್ಷಗಟ್ಟಲೆ ಸುರಿಯಬೇಡಿ. ಉಳಿದಿದ್ದು ನಾಲ್ಕು, ಐದು, ಆರನೇ ರಾತ್ರಿ. ಏಳನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಿರ್ಕೆನೆಸ್‌ನಲ್ಲಿ ಇಳಿಸಿಬಿಡುತ್ತಾರೆ. ಪೂರ್ತಿ ಹೋಗಿ ಬರುವವರಿಗೆ ವೃತ್ತದ ಉತ್ತರಕ್ಕೆ ಆರು ರಾತ್ರಿ ಸಿಗುತ್ತದೆ. ನಮ್ಮ ಏಜೆಂಟ್ ಹೇಳಿದ ಆರು ಅದಲ್ಲ.

ಇನ್ನೊಂದು ವಿಷಯ. ಈ ದಾರಿಯಲ್ಲಿ ಹಡಗು ಓಡಿಸುವ ಹುರ್ಟಿಗ್ರುಟನ್ ಕಂಪನಿ ಚಳಿಗಾಲದ ಪ್ರವಾಸಕ್ಕೆ ಒಂದು ಭರವಸೆ ಕೊಡುತ್ತದೆ. ಬೆಳಕು ಕಾಣದಿದ್ದರೆ ಇನ್ನೊಂದು ಸಲ ಪುಕ್ಕಟೆ ಕರೆದುಕೊಂಡು ಹೋಗುತ್ತಾರೆ. ಆದರೆ ಅದು ಪೂರ್ತಿ ಹೋಗಿ ಬರುವ ಪ್ರವಾಸಕ್ಕೆ ಮಾತ್ರ. ಅರ್ಧ ದಾರಿಯವರಿಗೆ ಇಲ್ಲ. ಎರಡನೇ ಸಲದ ವಿಮಾನದ ಖರ್ಚು ನಿಮ್ಮದೇ. ಏಜೆಂಟ್ ಈ ಭರವಸೆಯನ್ನೂ ನಮಗೆ ಸಿಗುವುದು ಎಂಬ ಹಾಗೇ ಹೇಳಿದ್ದ. ನಿಯಮಗಳನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ನೀವೇ ಓದಿ, ಬೇರೆಯವರ ಬಾಯಲ್ಲಿ ಕೇಳಬೇಡಿ.

ಬರ್ಗನ್‌ನಲ್ಲಿ ಮಳೆ. ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಮಳೆ ಬೀಳುವ ಊರದು, ನಮ್ಮ ಕುಮಟಾದ ಜುಲೈ ತಿಂಗಳನ್ನು ಫ್ರಿಜ್‌ನಲ್ಲಿ ಇಟ್ಟ ಹಾಗೆ. ಛತ್ರಿ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ರೇನ್‌ಕೋಟ್ ಒಯ್ಯಿರಿ. ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ಟ್ಯಾಕ್ಸಿ ಬೇಡವೇ ಬೇಡ. ಬಿಬಾನೆನ್ ಎಂಬ ಟ್ರಾಮ್ ನಿಲ್ದಾಣದ ಬಾಗಿಲಿಗೇ ಬರುತ್ತದೆ, ಮುಕ್ಕಾಲು ಗಂಟೆಯ ದಾರಿ.

ಬರ್ಗನ್‌ನಲ್ಲಿ ನಾನು ಮರೆಯದೇ ಹೇಳಬೇಕಾದ ಜಾಗ ಒಂದೇ. ಸ್ಟ್ರಾಂಡ್‌ಗಾಟನ್ ಬೀದಿಯಲ್ಲಿ ಸೋಸ್ಟ್ರೆನೆ ಹಾಗೆಲಿನ್ ಅಂತ ಒಂದು ಮೀನಿನ ಅಂಗಡಿ. ಸೋಸ್ಟ್ರೆನೆ ಅಂದರೆ ಅಕ್ಕತಂಗಿಯರು. 1929ರಲ್ಲಿ ಹಾಗೆಲಿನ್ ಸೋದರಿಯರು ಶುರು ಮಾಡಿದ್ದು. ಕೌಂಟರಿನಲ್ಲಿ ಮೀನಿನ ವಡೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕೂರಲು ಜಾಗ ಕಮ್ಮಿ. ನಾವು ಮೀನಿನ ಸೂಪು ಹೇಳಿದೆವು. ಬಂದಿದ್ದು ಹಾಲಿನ ಹಾಗೆ ಬೆಳ್ಳಗೆ! ಮೀನಿಗೆ ಹಾಲು, ಕೆನೆ ಹಾಕುವುದನ್ನು ಅಮ್ಮ ಜನ್ಮದಲ್ಲಿ ನೋಡಿಲ್ಲ. ಮೊದಲು ಚಮಚದ ತುದಿಯಲ್ಲಿ ರುಚಿ ನೋಡಿದಳು. ಆಮೇಲೆ ಮಾತಿಲ್ಲ. ಮೀನಿನ ತುಂಡು ಗಟ್ಟಿಯಾಗಿ, ಬಿಸಿಯಾಗಿ, ಸ್ವಲ್ಪ ಹುಳಿ, ಕ್ಯಾರೆಟ್ ಚೂರು, ಜೊತೆಗೆ ಬ್ರೆಡ್ಡು. ಖಾರ ಇಲ್ಲ, ಆದರೂ ಏನೂ ಕಮ್ಮಿ ಅನಿಸಲಿಲ್ಲ. ಮೀನಿನ ವಡೆ ಮೆತ್ತಗೆ, ಕಚ್ಚಿದರೆ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತದೆ. "ಮೀನು ತಾಜಾ ಇದ್ರೆ ಮಸಾಲೆ ಯಾಕೆ ಬೇಕು" ಅಂದಳು ಅಮ್ಮ. ಬಂಗಡೆ ಸಾರಿಗೆ ಬ್ಯಾಡಗಿ ಮೆಣಸು ಎಣಿಸಿ ಹಾಕುವವಳು ಅವಳು. ಬಂದರಿನ ಬದಿಯಲ್ಲಿ ಪ್ರವಾಸಿಗರು ಮುಗಿಬೀಳುವ ಮಳಿಗೆಗಳಲ್ಲಿ ಒಬ್ಬರ ಊಟಕ್ಕೆ ಆಗುವ ದುಡ್ಡಿನಲ್ಲಿ ನಮ್ಮಿಬ್ಬರ ಹೊಟ್ಟೆ ತುಂಬಿತು. ಹಡಗು ಹತ್ತುವ ದಿನ ಮಧ್ಯಾಹ್ನ ಮತ್ತೆ ಹೋಗಿ ವಡೆ ಕಟ್ಟಿಸಿಕೊಂಡು ಬಂದೆವು. ಸಂಜೆ ಬೇಗ ಮುಚ್ಚುತ್ತಾರೆ, ರಾತ್ರಿ ಊಟಕ್ಕೆ ಅಂತ ಇಟ್ಟುಕೊಳ್ಳಬೇಡಿ.

ಹಡಗಿನ ಕ್ಯಾಬಿನ್ ವಿಷಯದಲ್ಲಿ ನನ್ನ ಅಭಿಪ್ರಾಯ: ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಸಾಕು. ಬೆಳಕನ್ನು ಯಾರೂ ಕಿಟಕಿಯಿಂದ ನೋಡುವುದಿಲ್ಲ, ಡೆಕ್ ಮೇಲೆ ಹೋಗಲೇಬೇಕು. ಕಿಟಕಿಗೆ ಕೊಡುವ ದುಡ್ಡನ್ನು ಇನ್ನೆರಡು ರಾತ್ರಿಗೆ ಕೊಡಿ. ಎರಡನೇ ರಾತ್ರಿ ಹುಸ್ತಾದ್‌ವಿಕಾ ಎಂಬ ತೆರೆದ ಸಮುದ್ರ ಬರುತ್ತದೆ. ಅಲ್ಲಿ ಹಡಗು ಚೆನ್ನಾಗಿ ತೂಗುತ್ತದೆ. ಊಟ ಕಮ್ಮಿ ಮಾಡಿ, ವಾಂತಿ ಮಾತ್ರೆಯನ್ನು ಮೊದಲೇ ನುಂಗಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ನನಗೆ ಹಾಗೇ ಆಯಿತು. ನಾಲ್ಕನೇ ಸಂಜೆ ಬೊದೊ ಬಂದರು ಬಿಟ್ಟ ಮೇಲೆ ಲೊಫೊಟೆನ್ ದ್ವೀಪಗಳ ಕಡೆ ಹೋಗುವಾಗ ಮತ್ತೆ ಅದೇ ಕತೆ.

ವೃತ್ತ ದಾಟುವಾಗ ಡೆಕ್ ಮೇಲೆ ಒಂದು ಸಂಭ್ರಮ ಮಾಡುತ್ತಾರೆ, ಸಾಲಲ್ಲಿ ನಿಂತವರ ಕುತ್ತಿಗೆಯ ಹಿಂದೆ ಅಂಗಿಯೊಳಗೆ ಐಸ್ ಸುರಿಯುತ್ತಾರೆ. ನನಗೆ ಜನಜಂಗುಳಿ ಆಗದು, ನಾವು ಹೋಗಲಿಲ್ಲ. ವೃತ್ತದ ಉತ್ತರಕ್ಕೆ ಹಡಗು ನಿಲ್ಲುವ ಟ್ರೊಮ್ಸೊ ಎಂಬ ಊರಿನಲ್ಲಿ ಕೇಬಲ್ ಕಾರಿನ ಕ್ಯೂ ನೋಡಿಯೂ ವಾಪಸ್ ಬಂದೆ. ಜನ ಇಷ್ಟಪಡುವವರಿಗೆ ಅದು ಚೆನ್ನಾಗಿರಬಹುದು.

ನಾಲ್ಕನೇ ರಾತ್ರಿ ಮೋಡ. ಐದನೇ ರಾತ್ರಿ ಮೋಡ, ಮೇಲೆ ಹಿಮ. ಅವತ್ತು ನನಗೆ ಹಡಗಿನ ದೊಡ್ಡ ಕೊರತೆ ಅರ್ಥವಾಯಿತು. ಹಡಗಿಗೆ ವೇಳಾಪಟ್ಟಿ ಇದೆ. ಮೋಡ ಇದೆ ಅಂತ ಅದು ದಾರಿ ಬದಲಿಸುವುದಿಲ್ಲ, ಆಕಾಶ ತಿಳಿಯಾಗಿದೆ ಅಂತ ನಿಲ್ಲುವುದೂ ಇಲ್ಲ. ಟ್ರೊಮ್ಸೊದಿಂದ ಹೊರಡುವ ವ್ಯಾನುಗಳು ಹಾಗಲ್ಲ. ಮೋಡ ಇಲ್ಲದ ಕಡೆ ಹುಡುಕಿಕೊಂಡು ಬೇಕಾದರೆ ಫಿನ್‌ಲ್ಯಾಂಡ್ ಗಡಿ ದಾಟಿಯೂ ಹೋಗುತ್ತವೆ. ಹಡಗಿನ ಲಾಭ ಬೇರೆ: ಊರಿನ ದೀಪಗಳಿಲ್ಲ, ನೀವು ಬೆಚ್ಚಗೆ ಮಲಗಿರಬಹುದು, ಬೆಳಕು ಕಂಡಾಗ ಸ್ಪೀಕರಿನಲ್ಲಿ ಹೇಳುತ್ತಾರೆ. ಆ ಸ್ಪೀಕರ್ ಆನ್ ಇದೆಯಾ ಅಂತ ಮೊದಲ ದಿನವೇ ನೋಡಿಕೊಳ್ಳಿ.

ಎಲ್ಲರೂ ಕೆಪಿ ಸಂಖ್ಯೆ ಅಂತ ಮೊಬೈಲ್ ನೋಡುತ್ತಾ ಕೂರುತ್ತಾರೆ. ಸೂರ್ಯನಿಂದ ಬಂದ ಕಣಗಳು ಭೂಮಿಯ ಕಾಂತಕ್ಷೇತ್ರವನ್ನು ಎಷ್ಟು ಅಲುಗಾಡಿಸಿವೆ ಎಂಬುದರ ಅಳತೆ ಅದು, 0ಯಿಂದ 9ರವರೆಗೆ. ಅಷ್ಟು ಉತ್ತರದಲ್ಲಿ 1 ಅಥವಾ 2 ಇದ್ದರೂ ಸಾಕು, ಯಾಕೆಂದರೆ ಧ್ರುವದ ಸುತ್ತ ಹರಡಿದ ಈ ಬೆಳಕಿನ ಬಳೆ ಇರುವುದೇ ನಿಮ್ಮ ತಲೆ ಮೇಲೆ. ಸೂರ್ಯ ತನ್ನ ಹನ್ನೊಂದು ವರ್ಷದ ಚಕ್ರದಲ್ಲಿ ಜೋರಿನ ಘಟ್ಟ ಮುಟ್ಟಿದ್ದಾನೆ ಅಂತ ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಅದಿದ್ದೂ ನಮಗೆ ಎರಡು ರಾತ್ರಿ ಏನೂ ಕಾಣಲಿಲ್ಲ. ನೋಡಬೇಕಾದ್ದು ಮೋಡದ ನಕ್ಷೆ. ನಾರ್ವೆಯವರು ಬಳಸುವ ಯೂಆರ್ (Yr) ಎಂಬ ಹವಾಮಾನದ ಆ್ಯಪ್ ಪುಕ್ಕಟೆ ಸಿಗುತ್ತದೆ.

ಆರನೇ ರಾತ್ರಿ ಫೆಬ್ರವರಿ 26. ಅವತ್ತು ಶಿವರಾತ್ರಿ. ತಾರೀಕು ಹಿಡಿಯುವಾಗ ನಾನು ನೋಡಿದ್ದು ಚಂದ್ರ ಇರಬಾರದು ಅಂತ ಮಾತ್ರ. ಅಮಾವಾಸ್ಯೆಯ ಆಸುಪಾಸು ಅಂದರೆ ಶಿವರಾತ್ರಿಯೂ ಬರುತ್ತದೆ ಅಂತ ನೆನಪಿಸಿದವಳು ಅಮ್ಮ. ಬೆಳಿಗ್ಗೆಯಿಂದ ಬಾಳೆಹಣ್ಣು, ಹಾಲು ಅಷ್ಟೇ. ಬುಫೆ ಹುಡುಗಿ ಎರಡು ಸಲ ಬಂದು ಆರೋಗ್ಯ ಸರಿ ಇಲ್ವಾ ಅಂತ ಕೇಳಿದಳು. ಉಪವಾಸ ಅಂದ ಮೇಲೆ ಕ್ಯಾಬಿನ್‌ಗೆ ಒಂದು ಬುಟ್ಟಿ ಹಣ್ಣು ತಂದುಕೊಟ್ಟಳು. ಹೇಗೂ ಜಾಗರಣೆ, ಅಮ್ಮ ಮಲಗುವ ಪ್ರಶ್ನೆಯೇ ಇರಲಿಲ್ಲ.

ರಾತ್ರಿ ಎಂಟರ ಹೊತ್ತಿಗೆ ಮೆಹಾಮ್ನ್ ಎಂಬ ಸಣ್ಣ ಊರು ದಾಟಿದ ಮೇಲೆ ಸ್ಪೀಕರ್ ಕೂಗಿತು. ಹತ್ತು ನಿಮಿಷ ಬಟ್ಟೆ ಹಾಕಿಕೊಳ್ಳುವುದರಲ್ಲೇ ಹೋಯಿತು. ಊಟ ಆದ ಕೂಡಲೇ ಒಳ ಉಡುಪಿನ ಎರಡು ಪದರ ಹಾಕಿಕೊಂಡೇ ಕೂತಿರಿ. ಡೆಕ್ ಮೇಲೆ ಹೋದರೆ ಜನ ಮೊಬೈಲ್ ಎತ್ತಿ ನಿಂತಿದ್ದಾರೆ, ಅವರ ಪರದೆ ಮೇಲೆ ಪಚ್ಚೆ ಹಸಿರು. ತಲೆ ಎತ್ತಿ ನೋಡಿದರೆ ಆಕಾಶದಲ್ಲಿ ಬೂದು ಬಣ್ಣದ ಒಂದು ಪಟ್ಟಿ.

"ಇದು ಹೊಗೆ ಅಲ್ವಾ? ಹಡಗಿಂದೇ ಇರ್ಬೇಕು" ಅಂದಳು ಅಮ್ಮ.

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬೆಳಕು ಮಂದ ಇದ್ದಾಗ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ, ಬೂದು ಅಥವಾ ಬಿಳಿ ಕಾಣುತ್ತದೆ. ಕ್ಯಾಮೆರಾ ಎರಡು ಮೂರು ಸೆಕೆಂಡ್ ಬೆಳಕು ಕೂಡಿಹಾಕಿ ಹಸಿರು ತೋರಿಸುತ್ತದೆ. ಇನ್‌ಸ್ಟಾಗ್ರಾಂ ನೋಡಿ ಹೋದ ನನಗೆ ಎದೆ ಕುಸಿಯಿತು. ಅಮ್ಮನಿಗೆ ಏನು ಹೇಳುವುದು ಅಂತ ತೋಚಲಿಲ್ಲ. ಸುಮಾರು ಜನ ಫೋಟೋ ಸಿಕ್ಕಿತು ಅಂತ ಒಳಗೆ ಹೋದರು.

ನಾವು ನಿಂತೆವು. ಹಡಗಿನ ಹಿಂಭಾಗಕ್ಕೆ, ದೀಪ ಇಲ್ಲದ, ಗಾಳಿ ತಡೆಯುವ ಒಂದು ಗೋಡೆಯ ಮರೆಗೆ ಹೋದೆವು. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು, ಆ ಹೊತ್ತಿನಲ್ಲಿ ಮೊಬೈಲ್ ಮುಟ್ಟಬೇಡಿ. ಹತ್ತು ಗಂಟೆಗೆ ಬೆರ್ಲೆವೋಗ್ ಬಂದರು ಬಿಟ್ಟ ಮೇಲೆ ಆ ಬೂದು ಪಟ್ಟಿ ಮೆಲ್ಲಗೆ ಹಸಿರಾಯಿತು. ಆಮೇಲೆ ಒಮ್ಮೆಲೇ ಮೇಲಿನಿಂದ ಕೆಳಗೆ ಸೀರೆ ಒಣಹಾಕಿದ ಹಾಗೆ ಇಳಿಬಿತ್ತು. ಗಾಳಿಗೆ ಅಲ್ಲಾಡಿದಂತೆ ಅಲ್ಲಾಡಿತು. ಅಂಚಿನಲ್ಲಿ ನಸುಗೆಂಪು. ಈಗ ಬರಿಗಣ್ಣಿಗೇ ಬಣ್ಣ! ಸದ್ದೇ ಇಲ್ಲ. ಅಷ್ಟು ದೊಡ್ಡದು ಅಷ್ಟು ಸುಮ್ಮನೆ ಹೇಗೆ ನಡೆಯುತ್ತದೆ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಅಮ್ಮ ಕೈಗವಸು ತೆಗೆದು ಕೈ ಮುಗಿದಳು. ಗೋಕರ್ಣದಲ್ಲಿ ಎಷ್ಟೋ ಶಿವರಾತ್ರಿ ಕಳೆದವಳು, ಆ ರಾತ್ರಿ ಬಾಯಲ್ಲಿ ಪಂಚಾಕ್ಷರಿ ಬಿಟ್ಟು ಬೇರೆ ಮಾತೇ ಬರಲಿಲ್ಲ. ರಾತ್ರಿ ಒಂದು ಗಂಟೆಗೆ ಮೋಡ ಬರುವವರೆಗೂ ಆಗಾಗ ಕಾಣುತ್ತಲೇ ಇತ್ತು. ಕೊನೆಗೆ ಡೆಕ್ ಮೇಲೆ ಆರೇಳು ಜನ ಉಳಿದಿದ್ದೆವು.

ಫೋಟೋ ವಿಷಯ ಎರಡೇ ಮಾತು. ಟ್ರೈಪಾಡ್ ಹಡಗಿನ ಮೇಲೆ ಪ್ರಯೋಜನ ಇಲ್ಲ, ಡೆಕ್ಕೇ ನಡುಗುತ್ತಿರುತ್ತದೆ. ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ತಾಗಿ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ.

ಕಿರ್ಕೆನೆಸ್‌ನಲ್ಲಿ ಮತ್ತೊಂದು ಪೆಟ್ಟು. ಅವತ್ತೇ ಓಸ್ಲೋ ವಿಮಾನ ಹಿಡಿಯಬಹುದಿತ್ತು. ಏಜೆಂಟ್ ಮರುದಿನದ ಟಿಕೆಟ್ ಮಾಡಿಸಿ, ನಡುವೆ ಒಂದು ರಾತ್ರಿಯ ರೂಮಿಗೆ 28,000 ರೂಪಾಯಿ ಹಾಕಿದ್ದ. ಅಟ್ಟದ ಮೇಲಿನ ರೂಮು, ಇಳಿಜಾರು ಸೂರು, ಹಾಸಿಗೆಯಿಂದ ಎದ್ದರೆ ತಲೆಗೆ ಬಡಿಯುತ್ತದೆ, ಬಚ್ಚಲು ಕೆಳಗಿನ ಮಹಡಿಯಲ್ಲಿ. ಮಂಡಿನೋವಿನ ಅಮ್ಮ ರಾತ್ರಿ ಮೂರು ಸಲ ಮೆಟ್ಟಿಲು ಇಳಿದಳು. ಸುಮ್ನೆ ಕೌಂಟರಿನಲ್ಲಿ ಆ ರೂಮಿನ ಬಾಡಿಗೆ ಕೇಳಿದೆ. 1,400 ಕ್ರೋನ್ ಅಂದರು. ಆಗ ಒಂದು ಕ್ರೋನ್‌ಗೆ ಸುಮಾರು 8 ರೂಪಾಯಿ, ನೀವೇ ಗುಣಿಸಿ ನೋಡಿ. ವಾಪಸ್ ಬಂದು ಫೋನ್ ಮಾಡಿದರೆ ಅದು "ಪ್ಯಾಕೇಜ್ ರೇಟು" ಅಂದ. ದುಡ್ಡು ಇವತ್ತಿಗೂ ಬಂದಿಲ್ಲ.

ನಾನು ಮತ್ತೆ ಹೋದರೆ ಬರ್ಗನ್‌ನಿಂದ ಹೊರಡುವುದಿಲ್ಲ. ಈ ಹಡಗುಗಳಲ್ಲಿ ಬಂದರಿನಿಂದ ಬಂದರಿಗೂ ಟಿಕೆಟ್ ಕೊಡುತ್ತಾರೆ, ಇದೂ ನಮಗೆ ಗೊತ್ತಿರಲಿಲ್ಲ. ಟ್ರೊಮ್ಸೊಗೆ ವಿಮಾನದಲ್ಲಿ ಹೋಗಿ, ಎರಡು ರಾತ್ರಿ ವ್ಯಾನಿನಲ್ಲಿ ಹುಡುಕಿ, ಆಮೇಲೆ ಟ್ರೊಮ್ಸೊದಿಂದ ಕಿರ್ಕೆನೆಸ್‌ಗೆ ಹೋಗಿ ಅದೇ ಹಡಗಿನಲ್ಲಿ ಟ್ರೊಮ್ಸೊಗೆ ವಾಪಸ್. ಸಂಜೆ ಆರೂಕಾಲಕ್ಕೆ ಹೊರಟರೆ ನಾಲ್ಕನೇ ದಿನ ನಡುರಾತ್ರಿಗೆ ಸ್ವಲ್ಪ ಮುಂಚೆ ತಲುಪುತ್ತದೆ. ಎಲ್ಲ ರಾತ್ರಿಗಳೂ ವೃತ್ತದ ಉತ್ತರದಲ್ಲೇ. ಟ್ರೊಮ್ಸೊದಲ್ಲಿ ಫೆಬ್ರವರಿಯ ರೂಮುಗಳು ಬೇಗ ತುಂಬುತ್ತವೆ, ಹಡಗಿಗಿಂತ ಮೊದಲು ರೂಮು ಹಿಡಿಯಿರಿ. ಅಷ್ಟು ದಿನ ರಜೆ, ದುಡ್ಡು ಎರಡೂ ಇದ್ದರೆ 12 ದಿನದ್ದೇ ಮಾಡಿ. ನಾವು ಮಾಡಿದ ಏಳು ದಿನದ್ದು ಮಾತ್ರ ಬೇಡ. ಜೂನ್, ಜುಲೈಗೆ ಯಾರಾದರೂ ನಾರ್ದರ್ನ್ ಲೈಟ್ಸ್ ಅಂತ ಮಾರಿದರೆ ಅಲ್ಲಿಂದ ಎದ್ದು ಬನ್ನಿ, ಆಗ ಅಲ್ಲಿ ರಾತ್ರಿ ಕತ್ತಲೆಯೇ ಆಗುವುದಿಲ್ಲ.