ಮಾಜಿ ಮುಖ್ಯಸ್ಥರ ಸನ್ಮಾನ: ಫಲಕ, ಫೋಟೋ, ಪೇಟದ ಕೆಲಸ ಎಲ್ಲಿಗೆ ಬಂತು

ನವೆಂಬರ್ 24

ಮೈಸೂರಿನ ಸೆಕ್ಯೂರಿಟಿ ಏಜೆನ್ಸಿಯ ವರ್ಷಾಂತ್ಯದ ಕಾರ್ಯಕ್ರಮ. ಸನ್ಮಾನ ಆಗಬೇಕಾದ ಮಾಜಿ ಮುಖ್ಯಸ್ಥರು ಏಳು ಮಂದಿ; ಅವರಲ್ಲಿ ಇಬ್ಬರು ಈಗಿಲ್ಲ. ಕಚೇರಿಯ ಗೋಡೆಗೆ ಶಾಶ್ವತವಾಗಿ ಒಂದು ಹೆಸರಿನ ಫಲಕವೂ ಆಗಬೇಕು.

ಮೊದಲು ದಿನಾಂಕ. ಡಿಸೆಂಬರ್ 31 ಆಗುವುದೇ ಇಲ್ಲ. ಕ್ರಿಸ್‌ಮಸ್ ರಜೆ ಶುರುವಾದರೆ ಊರು ಪ್ರವಾಸಿಗರಿಂದ ತುಂಬುತ್ತದೆ, ಹೋಟೆಲು, ಪಾರ್ಕಿಂಗ್ ಎಲ್ಲ ಕಡೆ ಹೆಚ್ಚುವರಿ ಗಾರ್ಡ್ ಕೇಳುತ್ತಾರೆ, ಬದಲಿಗೆ ನಿಲ್ಲುವ ರಿಲೀವರ್‌ಗಳೂ ಪಾಯಿಂಟಿನಲ್ಲೇ, ಅಂದರೆ ಕಾವಲಿನ ಜಾಗದಲ್ಲೇ, ಇರುತ್ತಾರೆ. ಹಾಗಾಗಿ ಡಿಸೆಂಬರ್ 21, ಭಾನುವಾರ. ಅಷ್ಟೊತ್ತಿಗೆ ಧನುರ್ಮಾಸ ಬಂದಿರುತ್ತದೆ, ಮದುವೆಗಳಿಲ್ಲ, ಛತ್ರ ಸುಲಭವಾಗಿ ಸಿಕ್ಕಿತು.

ಸಮಯ ಬೆಳಗ್ಗೆ 9.15. ಪಾಯಿಂಟುಗಳಲ್ಲಿ ಶಿಫ್ಟ್ ಬದಲಾಗುವುದು 8ಕ್ಕೆ. ಊರಿನ ಕೈಗಾರಿಕಾ ಪ್ರದೇಶಗಳಾದ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಯಿಂದ ರಾತ್ರಿ ಪಾಳಿಯವರು ನೇರ ಬಂದು, ತಿಂಡಿ ತಿಂದು ಕೂರಬಹುದು. ಆದರೆ 11ಕ್ಕೆ ಬಿಡಲೇಬೇಕು. ಅವರು ಮಲಗಿ ಎದ್ದು ಮತ್ತೆ ರಾತ್ರಿ 8ಕ್ಕೆ ಡ್ಯೂಟಿಗೆ ನಿಲ್ಲಬೇಕು. ಸಂಜೆ ಇಟ್ಟರೂ ಹಗಲಿನವರು ಬರಲಾರರು, ರಾತ್ರಿಯವರು ಅರ್ಧಕ್ಕೆ ಎದ್ದು ಹೋಗುತ್ತಾರೆ.

ನವೆಂಬರ್ 29: ಹೆಸರು ಮತ್ತು ವರ್ಷ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ. ಹಾರ ಬಾಡುತ್ತದೆ, ಹಿತ್ತಾಳೆಯಲ್ಲಿ ಕೊರೆದ ತಪ್ಪು ಗೋಡೆಯ ಮೇಲೆ ಹಾಗೇ ಇರುತ್ತದೆ.

ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆ ಪ್ರಕಾರ, ಏಜೆನ್ಸಿ ನಡೆಸುವವರ ಹೆಸರು-ವಿಳಾಸ, ಗಾರ್ಡ್ ಮತ್ತು ಸೂಪರ್‌ವೈಸರ್‌ಗಳ ಹೆಸರು, ಫೋಟೋ, ಸಂಬಳದ ರಿಜಿಸ್ಟರ್ ಇಡಲೇಬೇಕು. ಆ ರಿಜಿಸ್ಟರ್ ಇರುವ ವರ್ಷಗಳಿಗೆ ತೊಂದರೆಯಿಲ್ಲ. ಅದಕ್ಕೂ ಹಿಂದಿನ ಮೂವರಿಗೆ ಹಳೆಯ ಸಂಬಳದ ಪುಸ್ತಕ ಮತ್ತು ಪಿ.ಎಫ್. ಕಡತ ತಾಳೆ ನೋಡಬೇಕಾಯಿತು. ಇಬ್ಬರ ಅವಧಿ ಒಂದರ ಮೇಲೊಂದು ಬಿದ್ದಿದೆ: ಒಬ್ಬರು ಬಿಟ್ಟ ತಿಂಗಳ ಸಂಬಳ ಮುಂದಿನ ತಿಂಗಳು ಬರೆದದ್ದೇ ಕಾರಣ. ಸಂಬಳದ ತಾರೀಖನ್ನಲ್ಲ, ಮಸ್ಟರಿನ ಕೊನೆಯ ಹಾಜರಿಯನ್ನು ಹಿಡಿಯಬೇಕು.

ಎಚ್ಚೋ ಹೆಚ್ಚೋ ಎಂಬುದು ಇಲ್ಲಿ ಚಿಕ್ಕ ವಿಷಯವಲ್ಲ. ‘ಎಚ್.ಎಸ್.’ ಎಂದು ಸಹಿ ಮಾಡುವವರಿಗೆ ‘ಹೆಚ್.ಎಸ್.’ ಕೊರೆದರೆ ಅದು ಬೇರೆಯವರ ಹೆಸರು. ಅವರವರ ಕನ್ನಡ ಸಹಿ ನೋಡಿಯೇ ಬರೆದದ್ದು. ಸೇನೆಯಿಂದ ಬಂದವರ ದರ್ಜೆ ಹೆಸರಿಗಿಂತ ಮೊದಲು ಬರಬೇಕು, ‘(ನಿವೃತ್ತ)’ ಎಂಬುದು ಹೆಸರಾದ ಮೇಲೆ. ನಿವೃತ್ತರಾಗುವುದು ಮನುಷ್ಯರು, ದರ್ಜೆಯಲ್ಲ ಎಂಬುದು ಅವರ ಲೆಕ್ಕ. ಪ್ರತಿ ಮನೆಗೂ ಪ್ರೂಫ್ ಕಳಿಸಿ, ಓದಿ ‘ಸರಿ’ ಎಂದು ಬರೆಸಿಕೊಂಡದ್ದಾಯಿತು.

ಡಿಸೆಂಬರ್ 5: ಫಲಕ

ಹಲಗೆ 4 ಅಡಿ × 2.5 ಅಡಿ, 18 ಮಿ.ಮೀ. ಪ್ಲೈವುಡ್, ಮೇಲೆ ತೇಗದ ತೆಳು ಪದರ (ವಿನಿಯರ್), ಎರಡು ಕೋಟ್ ಮೆಲಮೈನ್ ಪಾಲಿಶ್. ಹೆಸರಿಗೆ 1.5 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ 12: ಏಳರಲ್ಲಿ ಹೆಸರು, ಐದು ಖಾಲಿ. ಮುಂದೆ ಬರುವವರಿಗೆ ಜಾಗ ಬಿಡದ ಫಲಕ ಕೆಲವೇ ವರ್ಷದಲ್ಲಿ ಅಟ್ಟಕ್ಕೆ ಹೋಗುತ್ತದೆ.

ಮೊದಲ ಕಂತು ಕೆಟ್ಟಿತು. ಎರಡು ಕಾರಣ.

ಒಂದು, ಪಟ್ಟಿಯ ಎತ್ತರ 30 ಮಿ.ಮೀ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು. ಕನ್ನಡದಲ್ಲಿ ಮೂಲ ಅಕ್ಷರ 10 ಮಿ.ಮೀ. ಇದ್ದರೆ ಕೆಳಗೆ ಒತ್ತಿಗೆ ಇನ್ನೂ 6, ಮೇಲೆ ಗುಡಿಸಿಗೆ 4 ಬೇಕು. ‘ಷ್ಣ’ದ ಒತ್ತು ಕೆಳಸಾಲಿನ (ಅವಧಿಯ) ಗುಡಿಸಿಗೆ ತಾಗಿ ಎರಡೂ ಸೇರಿ ಕಪ್ಪು ಮುದ್ದೆಯಾಯಿತು. ಈಗ ಪಟ್ಟಿ 300 × 40 ಮಿ.ಮೀ.; ಹೆಸರು 10, ಅವಧಿ 6. ಅವಧಿಯನ್ನು ಬರೀ ಅಂಕಿಯಲ್ಲಿ ಬರೆದರೆ ಒತ್ತಿನ ಗೋಜೇ ಇಲ್ಲ.

ಎರಡು, ಫಾಂಟ್. ಕಳಿಸಿದ್ದು ಯೂನಿಕೋಡ್, ಕೊರೆಯುವವರ ಕಂಪ್ಯೂಟರಿನಲ್ಲಿದ್ದದ್ದು ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾದ ಹಳೇ ಆವೃತ್ತಿ. ಒತ್ತಕ್ಷರ ಬಿಡಿಬಿಡಿಯಾಗಿ ‘ಮೂರ್ತಿ’ ಹೋಗಿ ‘ಮೂರ್‌ತಿ’ ಆಯಿತು. ಅಕ್ಷರವನ್ನು ಕರ್ವ್ಸ್ (ಫಾಂಟ್ ಬೇಡದ ಗೆರೆಚಿತ್ರ) ಮಾಡಿ ಪಿಡಿಎಫ್ ಕೊಟ್ಟರೆ ಈ ಕಾಟವಿಲ್ಲ. ವಾಟ್ಸಾಪಿನಲ್ಲಿ ಹೆಸರು ಟೈಪಿಸಿ ಕಳಿಸಿ ‘ಹೀಗೇ ಹಾಕಿ’ ಅನ್ನುವುದು ಬೇಡ.

ಹಿತ್ತಾಳೆ ಸ್ಕ್ರೂ ನೇರ ತಿರುಗಿಸಿದರೆ ತಲೆ ಮುರಿಯುತ್ತದೆ. 2 ಮಿ.ಮೀ. ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದು. ಪಟ್ಟಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ತೊಳೆದು, ಪೂರ್ತಿ ಒಣಗಿಸಿ ಲ್ಯಾಕರ್ (ಪಾರದರ್ಶಕ ಲೇಪ) ಹೊಡೆದದ್ದಾಗಿದೆ. ಲ್ಯಾಕರ್ ಆದ ಮೇಲೆ ಯಾರೂ ಹುಣಸೆಹಣ್ಣು ಮುಟ್ಟಿಸಬಾರದು, ಆಯುಧಪೂಜೆಯ ಹುಮ್ಮಸ್ಸಿನಲ್ಲೂ.

ಡಿಸೆಂಬರ್ 10: ಫೋಟೋ

ತೀರಿಕೊಂಡ ಇಬ್ಬರಲ್ಲಿ ಒಬ್ಬರದು ಸಿಕ್ಕಿದ್ದು ಅರ್ಜಿಗೆ ಅಂಟಿಸಿದ 35 × 45 ಮಿ.ಮೀ. ಫೋಟೋ ಮಾತ್ರ, ಅದರ ಮೇಲೆ ನೇರಳೆ ಸೀಲು. 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 827 × 1063 ಪಿಕ್ಸೆಲ್. ಪ್ರಿಂಟಿಗೆ 200 ಡಿಪಿಐ ಹಿಡಿದರೆ 4 × 5 ಇಂಚಿಗೆ ಸರಿಹೋಗುತ್ತದೆ, ಅದಕ್ಕಿಂತ ಹಿಗ್ಗಿಸಿದರೆ ಮುಖ ಮಸುಕು. ಹಾಗಾಗಿ 8 × 10ರ ಫ್ರೇಮು, ಒಳಗೆ ಮೌಂಟ್ ಬೋರ್ಡು, 4 × 5ರ ಕಿಂಡಿ. ಸ್ಕ್ಯಾನಿನ ಕೆಂಪು, ಹಸಿರು, ನೀಲಿ ಪದರಗಳಲ್ಲಿ (ಚಾನೆಲ್) ನೀಲಿ ಒಂದನ್ನೇ ಇಟ್ಟುಕೊಂಡರೆ ನೇರಳೆ ಶಾಯಿ ಬಹುಪಾಲು ಮಾಯ. ಆದರೆ ಮುಖ ಕಪ್ಪಾಗುತ್ತದೆ, ಬೆಳಕು ಏರಿಸಬೇಕು. ಇದೊಂದು ಕಪ್ಪು-ಬಿಳುಪಾದ್ದರಿಂದ ಏಳನ್ನೂ ಕಪ್ಪು-ಬಿಳುಪೇ ಮಾಡಿದ್ದಾಯಿತು.

ಡಿಸೆಂಬರ್ 15: ವೇದಿಕೆಯ ಕ್ರಮ

ಶಾಲು, ಹಾರ, ಪೇಟ, ಆಮೇಲೆ ಫಲ-ತಾಂಬೂಲ, ಸ್ಮರಣಿಕೆ. ಪೇಟ ಮೊದಲು ಇಟ್ಟರೆ ಹಾರ ಹಾಕುವಾಗ ಉರುಳುತ್ತದೆ. ಹಾರ ಮೊದಲು ಹಾಕಿದರೆ ಶಾಲು ಅದನ್ನು ಮುಚ್ಚುತ್ತದೆ. ಸಿದ್ಧ ಮೈಸೂರು ಪೇಟಕ್ಕೆ ಹಣೆಯ ಸುತ್ತಳತೆ ಮೊದಲೇ ಕೇಳಿ ಬರೆದಿಡಬೇಕು. ಬಿಗಿಯಾದರೆ ಕಿವಿಯ ಯಂತ್ರ ಹಾಕಿಕೊಂಡವರಿಗೆ ಕೀ ಎನ್ನುವ ಸದ್ದು ಬರುತ್ತದೆ.

ಚಳಿಗೆ ಮಲ್ಲಿಗೆ ಕಡಿಮೆ, ದರ ಏರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಸುಗಂಧರಾಜ, ಸೇವಂತಿಗೆಗೆ ಹೇಳಿದೆ. ಬುಟ್ಟಿಗೆ ನಂಜನಗೂಡು ರಸಬಾಳೆ ಇಡುವ ಯೋಚನೆ ಬಿಟ್ಟಾಯಿತು: ಸಿಗುವುದೇ ಅಪರೂಪ, ಸಿಕ್ಕರೂ ಹಣ್ಣಾದ ಮೇಲೆ ತಡೆಯುವುದಿಲ್ಲ.

ತೀರಿಕೊಂಡವರ ಪರವಾಗಿ ಅವರ ಮನೆಯವರು ಬರುತ್ತಾರೆ. ಅರಿಶಿನ-ಕುಂಕುಮ, ಹೂವು ತಟ್ಟೆಯಲ್ಲಿರಬೇಕೋ ಬೇಡವೋ ಎಂಬುದನ್ನು ಮಕ್ಕಳಿಗೆ ಫೋನ್ ಮಾಡಿ ಮೊದಲೇ ಕೇಳಿದ್ದಾಗಿದೆ. ಒಬ್ಬರು ಇರಲಿ ಅಂದರು, ಇನ್ನೊಬ್ಬರು ಹಣ್ಣು, ಸೀರೆ ಸಾಕು ಅಂದರು. ವೇದಿಕೆಯ ಮೇಲೆ ತಡವರಿಸುವಂತಾಗಬಾರದು.

ಒಬ್ಬೊಬ್ಬರಿಗೆ 6 ನಿಮಿಷ, ಏಳಕ್ಕೆ 42. ಮಾನಪತ್ರ 120 ಪದ ದಾಟಿದರೆ ಈ ಲೆಕ್ಕ ತಪ್ಪುತ್ತದೆ.

ಡಿಸೆಂಬರ್ 18: ಗೌರವ ವಂದನೆ

ಎಂಟು ಗಾರ್ಡ್, ಒಬ್ಬ ಇನ್‌ಚಾರ್ಜ್. ಸಾವಧಾನ್, ಸೆಲ್ಯೂಟ್, ವಿಶ್ರಾಮ್: ಇಷ್ಟೇ. ಬಾಡಿಗೆಗೆ ಖಾಕಿ ತಂದು ಕ್ರಾಸ್ ಬೆಲ್ಟ್ ಹಾಕಿಸೋಣ ಎಂಬ ಸಲಹೆ ಬಂತು, ಅಲ್ಲೇ ಕೈಬಿಟ್ಟದ್ದಾಯಿತು. ಸೇನೆ ಅಥವಾ ಪೊಲೀಸರ ಸಮವಸ್ತ್ರ ಹೋಲುವ ಉಡುಪು ತೊಟ್ಟರೆ 2005ರ ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತೊಟ್ಟವರಿಗೆ ಮಾತ್ರವಲ್ಲ, ಮಾಲೀಕರಿಗೂ. ಏಜೆನ್ಸಿಯ ದಿನದ ಯೂನಿಫಾರ್ಮೇ ಇರಲಿ: ತೋಳಿನ ಬ್ಯಾಡ್ಜು, ಎಡಜೇಬಿನಲ್ಲಿ ದಾರದ ಸೀಟಿ, ಲೇಸಿನ ಶೂ. ಒಂಬತ್ತೂ ಮಂದಿ ರಾತ್ರಿ ಪಾಳಿ ಮುಗಿಸಿ ಬರುವವರು, ಅದಕ್ಕೇ ವಂದನೆ ಮೊದಲು, ಭಾಷಣ ಆಮೇಲೆ.

ಬಾಕಿ: ಎರಡು ಪೇಟ (22 ಇಂಚು), ಮೈಕಿಗೆ ಬದಲಿ ಬ್ಯಾಟರಿ. 22ರ ಬೆಳಗ್ಗೆ ಫಲಕ ಗೋಡೆಗೆ. ಹಗಲು ಪಾಳಿಯವರ ಸಿಹಿ ಪೊಟ್ಟಣ ಫೀಲ್ಡ್ ಆಫೀಸರ್ ಬೈಕಿನಲ್ಲಿ 21ರ ಮಧ್ಯಾಹ್ನವೇ ಪಾಯಿಂಟುಗಳಿಗೆ ಹೋಗಬೇಕು.